ಚಿಗರಿಯೊಳಗೊಂದು ಚಿಗರಿ

ನಿನ್ನೆ ಆಫೀಸಿನ ಹಾಜರಿ ಯಂತ್ರ ನನ್ನ ಹೆಬ್ಬೆಟ್ಟನ್ನು ಒಪ್ಪಲಿಲ್ಲ. ಒರೆಸಿ ಇಟ್ಟೆ, ಊದಿ ಇಟ್ಟೆ, ತೋರುಬೆರಳು ಇಟ್ಟೆ. ಅದು ಕೆಂಪು ದೀಪ ಹಚ್ಚಿ ‘ಯಾಂವಲೇ ನೀ?’ ಅನ್ನುವಂತೆ ಕುಂಯ್‌ಗುಟ್ಟಿತು. ಹದಿಮೂರು ದಿನ ಗೋಂದಿನಲ್ಲಿ ಅದ್ದಿದ ಬೆರಳಿನಲ್ಲಿ ಗೆರೆ ಎಲ್ಲಿ ಉಳಿದಿರಬೇಕು?

ಎಲ್ಲಾ ಶುರುವಾದದ್ದು ಮಗಳ ಬೇಸಿಗೆ ಶಿಬಿರದ ನಾಟಕದ ನಿರ್ದೇಶಕರಿಂದ. “ಚಿಗರಿ ತಲಿ ಒಂದು ಬೇಕಿತ್ರಿ ಸರ. ಬರೇ ಒಂದು ತಾಸಿನ ಕೆಲಸ.” ಚಿಗರಿ ಅಂದರೆ ನಮ್ಮ ಕಡೆ ಕೃಷ್ಣಮೃಗ.

ಈ ಮನುಷ್ಯರ ಗಡಿಯಾರದಲ್ಲಿ ಒಂದು ತಾಸು ಬಿಟ್ಟರೆ ಬೇರೆ ಅಳತೆಯೇ ಇಲ್ಲ. ರಾಜನ ಕಿರೀಟ? ಒಂದು ತಾಸು. ಹನ್ನೆರಡು ಕತ್ತಿ, ಹನ್ನೆರಡು ಢಾಲು? ಎಲ್ಲಾ ಸೇರಿ ಒಂದು ತಾಸು. ಆಲದ ಮರ, ಅದೂ ಬೀಳಲು ಸಮೇತ, ಒಬ್ಬ ಬ್ಯಾಂಕಿನ ಕ್ಯಾಷಿಯರ್ ಪಾಲಿಗೆ ಬಂದಿತ್ತು. ದೇವರಿಗೇ ನೂರು ವರ್ಷ ಹಿಡಿಯುವ ಕೆಲಸವನ್ನು ಆತ ಗೋಣಿಚೀಲ ಹರಿದುಕೊಂಡು ಕೂತಿದ್ದ. “ಎಷ್ಟಾತ್ರಿ?” ಅಂತ ಕೇಳಿದರೆ, “ಒಂದು ತಾಸಿನ ಕೆಲಸದಾಗ ಇನ್ನೂ ನಾಕು ದಿನದ್ದು ಉಳದದ ನೋಡ್ರಿ” ಅಂದ. ತಾಲೀಮು ಒಂದು ತಾಸು ಅಂತ ಹೇಳಿ ನಮ್ಮನ್ನು ಮೂರು ತಾಸು ಹೊರಗೆ ಕೂಡಿಸುತ್ತಿದ್ದರು; ಗಿರಮಿಟ್ಟಿನ ಖರ್ಚು ಬೇರೆ. ಅವರು ತಡವಾಗಿ ಬರುವುದು ಮಾತ್ರ ದಿನಾ ಬರೋಬ್ಬರಿ ಒಂದು ತಾಸು. ಅದರಲ್ಲಿ ಒಂದು ಮಿನಿಟಿನ ಫರಕಿಲ್ಲ.

ಸರಿ, ರದ್ದಿ ಪೇಪರು ಹರಿದು ರಾತ್ರಿಯಿಡೀ ನೆನೆಹಾಕಿದೆ. ಬೆಳಿಗ್ಗೆ ಮಿಕ್ಸರಿಗೆ ಹಾಕಿ ರುಬ್ಬುತ್ತಿದ್ದಾಗ ಮನೆಯಾಕೆ ಎದ್ದು ಬಂದಳು. ಆ ಭಾಗವನ್ನು ಇಲ್ಲಿ ಬರೆಯುವುದಿಲ್ಲ. ದೊಡ್ಡ ಬಲೂನಿನ ಮೇಲೆ ಪೇಪರ್ ಪಟ್ಟಿ ಅಂಟಿಸಿ, ಒಣಗಿದ ಮೇಲೆ ಸೂಜಿ ಚುಚ್ಚಿ, ಮೇಲೆ ಮೈದಾ ಕಲಸಿದ ಪೇಪರ್ ಹಿಟ್ಟು ಮೆತ್ತಬೇಕು. ಅಂಟಿನಲ್ಲಿ ಒಂದಿಷ್ಟು ಮೈಲುತುತ್ತ ಕಲಸಿದರೆ ಹುಳ ಹತ್ತುವುದಿಲ್ಲ ಅಂತ ಗೊತ್ತಿತ್ತು. ಆದರೆ ಅದು ವಿಷ, ಇದು ಮಗಳ ತಲೆ ಮೇಲೆ ಕೂಡುವ ವಸ್ತು. ಬ್ಯಾಡ ಅಂತ ಬಿಟ್ಟೆ. ಮಾಳಿಗೆ ಮೇಲೆ ಒಣಗಲು ಇಟ್ಟರೆ ಎರಡು ಸಲ ಅಡ್ಡಮಳಿ ಬಂದು ಮೂತಿ ಕರಗಿತು. ಎದುರಮನಿ ಕಾಕಾ ಅದನ್ನು ಕತ್ತೆ ಅಂತಲೇ ತಿಳಿದು ದಿನಾ ಸಂಜೆ ಬಂದು, “ಕತ್ತಿ ಎಲ್ಲಿತನಕಾ ಬಂತೋ ತಮ್ಮಾ?” ಅಂತ ವಿಚಾರಿಸುತ್ತಿದ್ದರು.

ಕೋಡಿನ ಮೇಲೆ ಮಾತ್ರ ನನಗೆ ಅಭಿಮಾನ. ನಾನು ರಾಣೆಬೆನ್ನೂರು ಸೀಮೆಯವ. 1974ರಲ್ಲೇ ಕೃಷ್ಣಮೃಗಕ್ಕಾಗಿ ಅಭಯಾರಣ್ಯ ಮಾಡಿದ ಊರು ಅದು. ಚಿಗರಿ ಕೋಡು ಹೆಂಗಿರುತ್ತದೆ ಅಂತ ನನಗೆ ಯಾರೂ ಕಲಿಸಬೇಕಿಲ್ಲ. ತಂತಿ ಬಗ್ಗಿಸಿ, ಮೇಲೆ ಸುತಳಿ ಸುತ್ತಿ, ತಿರುಚಿಕೊಂಡು ನೆಟ್ಟಗೆ ಮೇಲೇರುವ ಎರಡು ಕೋಡು ಮಾಡಿದೆ, ಒಂದೂವರೆ ಫೂಟು ಉದ್ದ.

ನಾಟಕ ಇದ್ದದ್ದು ಧಾರವಾಡದಲ್ಲಿ. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಬಸ್ಸು ಹತ್ತಿದೆ (ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಈ ಬಸ್ಸಿನ ಹೆಸರೂ ‘ಚಿಗರಿ’ಯೇ), ಚಿಗರಿ ತಲೆ ಎದೆಗೆ ಅವಚಿಕೊಂಡು. ಕೋಡು ಮೇಲಿನ ಹಿಡಿಕೆಗೆ ಸಿಕ್ಕಿಬಿತ್ತು. ಬಿಡಿಸುವಷ್ಟರಲ್ಲಿ ಇನ್ನೊಂದು ಕೋಡು ಕಾಲೇಜು ಹುಡುಗಿಯೊಬ್ಬಳ ವೇಲು ಹಿಡಿಯಿತು. ಸುತ್ತ ಪಿಸುಪಿಸು: ಹೋತ ಇರಬೇಕು, ಕುದರಿ ಇರಬೇಕು, ಕತ್ತೀನ ಬಿಡ. ಆಗ ಎದುರಿನ ಸೀಟಿನ ಪಟಕಾ ಸುತ್ತಿದ ಅಜ್ಜ ದಿಟ್ಟಿಸಿ ನೋಡಿ, ಮುಖ ಗಂಟುಹಾಕಿ, “ಇದು ಚಿಗರಿ ಅಲ್ಲೇನೋ?” ಅಂದರು.

ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. “ಹೌದ್ರಿ ಅಜ್ಜಾರ! ಹೆಂಗ ಗುರ್ತ ಹಿಡದ್ರಿ?”

“ಗುರ್ತ ಹಿಡೀಲಾರ್ದ ಏನು? ನವಲಗುಂದದಾಗ ನಂದು ಎರಡೆಕರೆ ಕಡ್ಲಿ ಮೇದು ಹೋಗ್ಯಾವ. ಇದ ಮಾರಿ, ಇವ ಕೋಡು.”

ನವನಗರ ಬರುವ ತನಕ ಅಜ್ಜ ನನ್ನ ರದ್ದಿ ಪೇಪರಿನ ಚಿಗರಿಯನ್ನು ಹಳೇ ಸಾಲಗಾರ ಎದುರಿಗೆ ಸಿಕ್ಕಂತೆ ನೋಡುತ್ತಲೇ ಇದ್ದರು. ಇಳಿಯುವಾಗ ನನ್ನನ್ನೂ ಹಾಗೇ ನೋಡಿದರು. ಇಂಥ ಶಿಫಾರಸು ಯಾವ ಕಲಾವಿದನಿಗೆ ಸಿಕ್ಕೀತು!

ಧಾರವಾಡದಲ್ಲಿ ನಿರ್ದೇಶಕರು ತಲೆಯನ್ನು ಹಿಂದೆ ಮುಂದೆ ತಿರುವಿದರು. “ಕೋಡಿಗೆ ಟೊಂಗಿ ಎಲ್ಲಿ ಸರ?”

“ಚಿಗರಿ ಕೋಡಿಗೆ ಟೊಂಗಿ ಇರೂದಿಲ್ರಿ. ಖರೇ ಹೇಳಬೇಕಂದ್ರ ಹೆಣ್ಣು ಚಿಗರಿಗೆ ಸಾಮಾನ್ಯವಾಗಿ ಕೋಡ ಇರೂದಿಲ್ಲ.”

“ಅದು ಕಾಡಿನ್ಯಾಗ. ಸ್ಟೇಜಿನ ಮ್ಯಾಲೆ ಟೊಂಗಿ ಇರಬೇಕು, ಹುಡುಗೂರು ಕಾರ್ಟೂನಿನ್ಯಾಗ ಹಂಗ ನೋಡಿರ್ತಾವ. ಹಚ್ಚಿಬಿಡ್ರಿ, ಬರೇ ಒಂದು...”

ಆ ಮಾತು ಮುಗಿಯುವ ಮೊದಲೇ ಹೊರಗೆ ಹೋಗಿ ಬೇವಿನ ಟೊಂಗೆ ಮುರಿದು ತಂದು ಕಟ್ಟಿದೆ. ಎಲೆ ಸಮೇತ.

ರಂಗದ ಮೇಲೆ ಮಗಳು ನಾಲ್ಕು ಹೆಜ್ಜೆ ಇಟ್ಟಳು. ಕಣ್ಣಿನ ತೂತು ಅವಳ ಹಣೆಗೆ ಬಂದಿತ್ತಂತೆ. ಒಂದು ಕೋಡು ಕ್ಯಾಷಿಯರನ ಆಲದ ಬೀಳಲಿಗೆ ಸಿಕ್ಕು ಮುರಿಯಿತು. ಅವಳು ಎರಡೂ ಕೈಯಿಂದ ತಲೆ ತೆಗೆದು ಬಗಲಲ್ಲಿ ಹಿಡಿದುಕೊಂಡು, “ನಾನು ಕಾಡಿನ ಚಿಗರಿ!” ಅಂತ ಕೂಗಿ ಛಂಗನೆ ಜಿಗಿದಳು. ಸಭೆಗೆ ಸಭೆಯೇ ಚಪ್ಪಾಳೆ. ಯಾರಿಗೂ ಸಂಶಯ ಬರಲಿಲ್ಲ.

ನಮ್ಮವ್ವ ಮಣ್ಣೆತ್ತಿನ ಅಮಾವಾಸ್ಯೆಗೆ ಕೆರೆಮಣ್ಣು ತಂದು ರೊಟ್ಟಿ ಬಡಿಯುವ ನಡುವೆ ಎರಡು ಎತ್ತು ಮಾಡಿಬಿಡುತ್ತಿದ್ದಳು. ನಾಲ್ಕು ಕಾಲು, ಎರಡು ಕೋಡು, ಡುಬ್ಬದ ಜಾಗದಲ್ಲಿ ಹೆಬ್ಬೆಟ್ಟಿನ ಒಂದು ಒತ್ತು. ಅವ್ವನ ಬೆರಳಿನ ಗೆರೆ ಒಣಮಣ್ಣಿನ ಮೇಲೆ ಹಾಗೇ ಕಾಣುತ್ತಿತ್ತು. ಇದು ಕತ್ತೇನು ಅಂತ ಯಾರೂ ಕೇಳಿದ್ದು ನೆನಪಿಲ್ಲ. ಮರುದಿನ ಕಾಲು ಮುರಿದರೂ ಅದು ಎತ್ತೇ, ಕುಂಟೆತ್ತು.

ಒಂಟಿ ಕೋಡಿನ ಚಿಗರಿ ಈಗ ನಮ್ಮ ಫ್ರಿಜ್ಜಿನ ಮೇಲಿದೆ. ತೆಗೆಯಲು ಮಗಳು ಬಿಡುವುದಿಲ್ಲ, ಇಡಲು ಆಕೆಯ ತಾಯಿ ಬಿಡುವುದಿಲ್ಲ. ಇಂದು ಬೆಳಿಗ್ಗೆ ನೋಡಿದರೆ ಮೈದಾದ ವಾಸನೆಗೆ ಕೆಂಪಿರುವೆ ಸಾಲು ಹಚ್ಚಿವೆ; ಎಡಗಿವಿ ಅರ್ಧ ಖಾಲಿ. ನವಲಗುಂದದ ಅಜ್ಜ ಮತ್ತೆ ಬಸ್ಸಿನಲ್ಲಿ ಸಿಕ್ಕರೆ ಹೇಳಬೇಕು, ಕಡ್ಲಿ ಲೆಕ್ಕ ಚುಕ್ತಾ ಆಗಲಿಕ್ಕೆ ಹತ್ತೇದರಿ ಅಂತ.