ಕುಂಕುಮ ಇಟ್ಟ ಸಿಲಿಂಡರ್

ಎಲ್ಲೋ ದೂರದ ಊರಲ್ಲಿ ಬೆಂಕಿ ಬಿದ್ದರೆ ನಮ್ಮ ಶಿವಮೊಗ್ಗದಲ್ಲಿ ಫೈಲು ಬಿಸಿಯಾಗುತ್ತದೆ. ಟಿವಿಯಲ್ಲಿ ಹೊಗೆ ಕಾಣಿಸಿದ್ದೇ ತಡ, ಕಾಂಪ್ಲೆಕ್ಸು, ಕಲ್ಯಾಣ ಮಂಟಪ, ಕೋಚಿಂಗ್ ಸೆಂಟರು ಎಲ್ಲದರ ಅಗ್ನಿ ಸುರಕ್ಷತೆ ನೋಡಿ ವರದಿ ಕೊಡಿ ಅಂತ ಆದೇಶ. ನೀವೂ ಪೇಪರಿನಲ್ಲಿ ಓದಿದ್ದೀರಿ. ವರದಿ ಬಂದೇ ಬರುತ್ತದೆ, ಅನುಮಾನ ಬೇಡ. ವರದಿ ಕೊಡುವುದರಲ್ಲಿ ನಾವು ಯಾವತ್ತೂ ಹಿಂದೆ ಬಿದ್ದವರಲ್ಲ.

ನಾನು ಆಗಾಗ ಹೋಗುವ ಕಾಂಪ್ಲೆಕ್ಸ್ ಒಂದಿದೆ. ಹೆಸರು ಬೇಡ, ನಿಮ್ಮ ಬೀದಿಯಲ್ಲೂ ಅಂಥದ್ದೊಂದು ಇರುತ್ತದೆ. ಕೆಳಗೆ ಬಟ್ಟೆ ಅಂಗಡಿ, ಮೇಲೆ ಲ್ಯಾಬು, ಅದರ ಮೇಲೆ ಟ್ಯೂಷನ್ನು, ತುದಿಗೆ ತಗಡಿನ ಶೀಟ್ ಹೊದಿಸಿದ ಹೋಟೆಲ್ಲು. ಕಟ್ಟಡ ಇಷ್ಟು ಎತ್ತರ ದಾಟಿದರೆ ಅಗ್ನಿಶಾಮಕದವರ ಎನ್‌ಒಸಿ, ಅಂದರೆ ನಮ್ಮ ಅಭ್ಯಂತರವಿಲ್ಲ ಅನ್ನುವ ಪತ್ರ, ಬೇಕು ನೋಡಿ. ಹಾಗಾಗಿ ಪ್ಲಾನಿನಲ್ಲಿ ಕಟ್ಟಡ ಅದರ ಕೆಳಗೇ ನಿಲ್ಲುತ್ತದೆ. ಮಸಾಲೆ ದೋಸೆ ಮಾತ್ರ ಮೇಲಿನ ಆಕಾಶದಲ್ಲಿ ಬೇಯುತ್ತದೆ.

ಪ್ರತಿ ಮಹಡಿಯಲ್ಲೂ ‘ಎಕ್ಸಿಟ್’ ಅಂತ ಹಸಿರು ಬೋರ್ಡು. ಬಾಣದ ಗುರುತು ಹಿಡಿದು ಹೋದರೆ ಎರಡನೇ ಮೆಟ್ಟಿಲು ಸಿಗುತ್ತದೆ. ಮೆಟ್ಟಿಲ ತುಂಬ ಬಟ್ಟೆ ಅಂಗಡಿಯ ರಟ್ಟಿನ ಬಾಕ್ಸುಗಳು, ಕೈ ಮುರಿದ ಷೋಕೇಸ್ ಗೊಂಬೆಗಳು, ಮಳೆಗಾಲವಾದರೆ ಎಲ್ಲರ ರೇನ್‌ಕೋಟು. ಇದನ್ನೆಲ್ಲ ದಾಟಿ ಇಳಿದರೆ ಶಟರ್. ಶಟರ್‌ಗೆ ಬೀಗ.

“ಕೀ ಯಾರ ಹತ್ರ ಇದೆ ಯಜಮಾನ್ರೇ?” ಅಂತ ವಾಚ್‌ಮನ್‌ನ ಕೇಳಿದೆ.

“ಓನರ್ ಹತ್ರ.”

“ಓನರ್ ಎಲ್ಲಿ?”

“ಬೆಂಗಳೂರಲ್ಲಿ ಸಾರ್. ಏನಾದ್ರೂ ಆದ್ರೆ ಫೋನ್ ಮಾಡು ಅಂದಿದಾರೆ.”

ಸುಮಾರು 300 ಕಿಲೋಮೀಟರ್. ಜನಶತಾಬ್ದಿ ಬರುವವರೆಗೆ ಬೆಂಕಿ ಸ್ವಲ್ಪ ತಡೆದುಕೊಳ್ಳಬೇಕು, ಅಷ್ಟೇ.

ಇನ್ನು ಬೆಂಕಿ ಆರಿಸಲು ಗೋಡೆಗೆ ನೇತುಹಾಕಿದ ಆ ಕೆಂಪು ಸಿಲಿಂಡರ್. ಆಯುಧಪೂಜೆಯ ದಿನ ಅದನ್ನು ನೋಡಬೇಕು ನೀವು! ಒರೆಸಿ, ವಿಭೂತಿ ಎಳೆದು, ಸೇವಂತಿಗೆ ಹಾರ ಹಾಕಿ, ಎದುರಿಗೆ ಬೂದುಗುಂಬಳ ಒಡೆದು, ಜನರೇಟರ್‌ಗೂ ಇಲ್ಲದ ಮರ್ಯಾದೆ. ಅದರ ಕತ್ತಿನ ಹತ್ತಿರ ಒಂದು ಪುಟ್ಟ ಮೀಟರ್ ಇರುತ್ತದೆ. ಮುಳ್ಳು ಹಸಿರಿನಲ್ಲಿದ್ದರೆ ಒಳಗೆ ಪ್ರೆಷರ್ ಇದೆ ಅಂತ, ಕೆಂಪಿಗೆ ಬಂದರೆ ರೀಫಿಲ್ ಮಾಡಿಸಬೇಕು ಅಂತ. ಕುಂಕುಮ ಸರಿಯಾಗಿ ಆ ಮೀಟರ್ ಮೇಲೇ ಕೂತಿದೆ. ಈಗ ಮುಳ್ಳು ಎಲ್ಲಿದ್ದರೂ ಬಣ್ಣ ಕೆಂಪೇ. ಪಿನ್ ಎಳೆಯೋದು ಹೇಗೆ ಗೊತ್ತೇನಪ್ಪಾ ಅಂತ ಅಂಗಡಿ ಹುಡುಗನ್ನ ಕೇಳಿದೆ. “ಮುಟ್ಬೇಡಿ ಸಾರ್, ಇನ್‌ಸ್ಪೆಕ್ಷನ್‌ಗೆ ಇಟ್ಟಿರೋದು” ಅಂದ.

ಇದನ್ನೆಲ್ಲ ಹೇಳಿದರೆ ನಮ್ಮವರ ಹತ್ತಿರ ಉತ್ತರ ರೆಡಿ ಇದೆ. “ಮಲೆನಾಡು ಮಾರಾಯ್ರೇ, ಹರವಿದ ಪಂಚೆಯೇ ಒಣಗಲ್ಲ, ಬೆಂಕಿ ಎಲ್ಲಿಂದ ಹತ್ತುತ್ತೆ?” ಆಗುಂಬೆಯ ಮಳೆ ಕಾಂಪ್ಲೆಕ್ಸಿನ ಒಳಗೂ ಸುರಿಯುತ್ತೆ ಅಂದುಕೊಂಡಿರಬೇಕು. ಶಿವಮೊಗ್ಗ ಪೇಟೆಗೆ ಅಷ್ಟು ಮಳೆ ಬರೋದೂ ಇಲ್ಲ ಬಿಡಿ. ತೀರ್ಥಹಳ್ಳಿ ಆಚೆಗಿನ ಮಳೆಯನ್ನೆಲ್ಲ ನಮ್ಮ ಖಾತೆಗೆ ಬರೆದುಕೊಂಡು ಬೀಗುವುದು ನಮ್ಮ ಹಳೇ ಚಟ. ಆ ಮಳೆಯಲ್ಲೇ ಅಲ್ವಾ ಗೋಡೆ ಒದ್ದೆಯಾಗಿ ಮೀಟರ್ ಬೋರ್ಡಲ್ಲಿ ಶಾರ್ಟ್ ಆಗೋದು? ಅಡಿಕೆ ಮಂಡಿಯಲ್ಲಿ ಸೂರಿನ ತನಕ ಒಟ್ಟಿದ ಗೋಣಿಚೀಲವೇನು ಒದ್ದೆಯಾಗಿರುತ್ತಾ?

ಬೆಂಕಿಯ ಅಪಾಯ ಅಂದಾಜು ಮಾಡೋದು ಕಷ್ಟದ ವಿದ್ಯೆಯೇನಲ್ಲ. ಏನು ಹೊತ್ತಿಕೊಳ್ಳುತ್ತೆ, ಯಾವುದು ಹೊತ್ತಿಸುತ್ತೆ, ಒಳಗೆ ಯಾರಿದ್ದಾರೆ, ಅವರಲ್ಲಿ ಓಡಲಾಗದವರು ಯಾರು, ಹೊರಗೆ ಹೋಗೋದು ಹೇಗೆ ಅಂತ ಓಡಾಡಿ ನೋಡಬೇಕು. ಸರಿಯಿಲ್ಲದ್ದನ್ನು ಸರಿ ಮಾಡಬೇಕು. ಹೊರಗೆ ಹೋಗುವ ದಾರಿಗೆ ಏನೂ ಅಡ್ಡ ಇರಬಾರದು ಅಂತ ನಮ್ಮ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯೂ ಹೇಳುತ್ತದೆ. ಇಂಗ್ಲೆಂಡಿನಲ್ಲಿ 2005ರ ಅಗ್ನಿ ಸುರಕ್ಷತೆಯ ಆದೇಶದ ಪ್ರಕಾರ ಅಂಗಡಿ, ಆಫೀಸು, ಹೋಟೆಲುಗಳಲ್ಲಿ ಈ ಅಂದಾಜು ಮಾಡಿಸಲು ಒಬ್ಬ ಹೊಣೆಗಾರ ಇರಲೇಬೇಕು. ನಮ್ಮಲ್ಲೂ ಇದ್ದಾನೆ. ಸ್ಟೂಲಿನ ಮೇಲೆ ತೂಕಡಿಸುತ್ತಿರುತ್ತಾನೆ. ಅವನ ಹತ್ತಿರ ಕೀ ಇಲ್ಲ.

ನಗೋದು ಸಾಕು. 1997ರಲ್ಲಿ ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಜನ ಸತ್ತರು, ಹೊಗೆಯಲ್ಲಿ ಉಸಿರುಕಟ್ಟಿ. 2010ರಲ್ಲಿ ನಮ್ಮದೇ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಜನ. ಅಲ್ಲೂ ತುರ್ತು ಬಾಗಿಲಿಗೆ ಬೀಗ. 2019ರಲ್ಲಿ ಸೂರತ್‌ನ ಕೋಚಿಂಗ್ ಕ್ಲಾಸಿನಲ್ಲಿ 22 ಜೀವ. ಇಳಿಯಲು ದಾರಿ ಕಾಣದೆ ಮಕ್ಕಳು ಮೇಲಿನಿಂದ ಹಾರಿದ್ದನ್ನು ನಾವೆಲ್ಲ ಮೊಬೈಲಿನಲ್ಲಿ ನೋಡಿದೆವು, ಅಯ್ಯೋ ಪಾಪ ಅಂದೆವು, ಫಾರ್ವರ್ಡ್ ಮಾಡಿದೆವು. ನಮ್ಮ ಮಕ್ಕಳು ಈಗಲೂ ಸಂಜೆ ಬ್ಯಾಗು ಹೊತ್ತುಕೊಂಡು ಆ ಒಂದೇ ಮೆಟ್ಟಿಲು ಹತ್ತಿ ಟ್ಯೂಷನ್‌ಗೆ ಹೋಗುತ್ತಾರೆ. ಫೀಸು ಎಷ್ಟು ಅಂತ ಕೇಳಿದ್ದೇವೆ. ಇನ್ನೊಂದು ಮೆಟ್ಟಿಲು ಎಲ್ಲಿ ಅಂತ ಯಾವ ಅಪ್ಪನೂ ಕೇಳಿದ್ದು ನಾನು ಕಂಡಿಲ್ಲ.

ಆ ಶಟರ್ ತೆಗೆಸಲು ಯಾವ ವರದಿಯೂ ಬೇಡ ಮಾರಾಯ್ರೇ. ಒಂದು ಕೀ, ಬಾಕ್ಸ್ ಹೊರಲು ಇಬ್ಬರು ಹುಡುಗರು, ಅರ್ಧ ದಿನದ ಕೆಲಸ. ದೀಪಾವಳಿ ಸ್ಟಾಕ್ ಇಳಿಯುವ ಮೊದಲೇ ಮಾಡಿಬಿಡಿ. ಆಮೇಲೆ ಕೇಳಿದರೆ ಬಾಕ್ಸ್ ಇಡಲು ಬೇರೆ ಜಾಗವೇ ಇಲ್ಲ ಅಂತೀರಿ.