ದಾರಂದ, ಹಗ್ಗ ಮತ್ತು ಎರಡು ಮೀಟರ್

2025ರ ಮಹಾಲಯ ಅಮಾವಾಸ್ಯೆಯ ಸಂಜೆ ನಮ್ಮ ಹಳೇ ಮನೆಯ ದಾರಂದಕ್ಕೆ ನನ್ನ ಹಣೆ ಟಪ್ಪಂತ ಬಡಿಯಿತು. ಟೋಕಿಯೋದಲ್ಲಿ ಮಳೆ ಬಂದದ್ದೇ ಅದಕ್ಕೆ ಕಾರಣ.

ಅಲ್ಲಿ ವಿಶ್ವ ಅಥ್ಲೆಟಿಕ್ಸ್ ಚಾಂಪಿಯನ್‌ಶಿಪ್‌ನ ಕೊನೆಯ ದಿನ. ಮಹಿಳೆಯರ ಹೈಜಂಪ್ ಫೈನಲ್ ನಡೆಯುತ್ತಿರುವಾಗಲೇ ಮಳೆ ಸುರಿದು ಆಟ ನಿಂತಿತು. ಇಲ್ಲಿ ಉಡುಪಿಯಲ್ಲಿ ನನಗೆ ಮಧ್ಯಾಹ್ನದ ವಡೆ, ಪಾಯಸ ಇನ್ನೂ ಕರಗಿರಲಿಲ್ಲ. ಹೇಗೂ ಆಟ ನಿಂತಿದೆ, ಒಂದು ಲೋಟ ಚಹಾ ಮಾಡೋಣ ಅಂತ ಒಳಗೆ ಹೋದೆ. ಸರಿಯಾಗಿ ಹಾಲು ಉಕ್ಕುವ ಹೊತ್ತಿಗೆ ಚಾವಡಿಯಿಂದ ಅಕ್ಕ ಕೂಗಿದಳು. "ಬಾ ಮಾರಾಯ, ಶುರುವಾಯ್ತು!" ಓಡಿದೆ. ದಾರಂದ ಇದ್ದಲ್ಲೇ ಇತ್ತು. ಕಣ್ಣು ಕತ್ತಲೆ ಬಂದು, ಹೋಗಿ, ಟಿ.ವಿ. ಕಾಣುವಷ್ಟರಲ್ಲಿ ಹುಡುಗಿ ಹಾರಿ ಆಗಿತ್ತು. ಪರದೆಯಲ್ಲಿ ರಿಲೇಯವರೊಬ್ಬರು ಶೂ ಲೇಸು ಕಟ್ಟುತ್ತಿದ್ದರು.

ಟಿ.ವಿ.ಯವರಿಗೆ ಹೈಜಂಪ್ ಅಂದರೆ ಎಲೆ ತುದಿಯ ಉಪ್ಪಿನಕಾಯಿ. ಓಟಗಳ ನಡುವೆ ಚೂರು ನೆಕ್ಕಿಸುತ್ತಾರೆ, ಅದೂ ರಿಪ್ಲೇಯಲ್ಲಿ. ಕೋಲು ಬೀಳುತ್ತದೋ ಇಲ್ಲವೋ ಅಂತ ಗೊತ್ತಾದ ಮೇಲೆ ನೋಡುವುದಕ್ಕೆ ಎಂತ ಉಂಟು? ನನಗೆ ಬೇಕಾದ್ದು ಹಾರುವ ಮುಂಚಿನ ಹೊತ್ತು. ಉಕ್ರೇನಿನ ಯಾರೊಸ್ಲಾವಾ ಮಹುಚಿಖ್ ತನ್ನ ಸರದಿ ಬರುವವರೆಗೆ ಸ್ಲೀಪಿಂಗ್ ಬ್ಯಾಗಿನಲ್ಲಿ ಹಾಯಾಗಿ ಮಲಗುತ್ತಾಳೆ. ವಿಶ್ವದಾಖಲೆ ಅವಳದ್ದೇ. 2024ರ ಜುಲೈಯಲ್ಲಿ ಪ್ಯಾರಿಸ್‌ನಲ್ಲಿ 2.10 ಮೀಟರ್. ಅದಕ್ಕೆ ಮೊದಲಿನದ್ದು ಬಲ್ಗೇರಿಯಾದ ಸ್ಟೆಫ್ಕಾ ಕೊಸ್ತಾದಿನೋವಾ 1987ರಲ್ಲಿ ರೋಮಿನಲ್ಲಿ ಹಾರಿದ 2.09. ಒಂದು ಸೆಂಟಿಮೀಟರ್ ಏರಲು ಹತ್ತಿರ ಹತ್ತಿರ 37 ವರ್ಷ! ನಾಲ್ಕೈದು ನೀರುದೋಸೆ ಒಂದರ ಮೇಲೊಂದು ಇಟ್ಟರೆ ಅಷ್ಟಾಗುತ್ತದೆ. ಇಂಥ ಆಟದಲ್ಲಿ ಮಲಗದೆ ಇನ್ನೇನು ಮಾಡುವುದು? ಆಸ್ಟ್ರೇಲಿಯಾದ ನಿಕೋಲಾ ಒಲಿಸ್ಲಾಗರ್ಸ್ ಇನ್ನೊಂದು ಥರ. ಪ್ರತಿ ಸಲ ಹಾರಿದ ಮೇಲೆ ನೋಟ್‌ಬುಕ್ ತೆಗೆದು ತನಗೆ ತಾನೇ ಹತ್ತಕ್ಕಿಷ್ಟು ಅಂತ ಮಾರ್ಕು ಹಾಕಿಕೊಳ್ಳುತ್ತಾಳೆ. ಟೀಚರೂ ಅವಳೇ, ಮಗುವೂ ಅವಳೇ.

ನಮ್ಮ ಶಾಲೆಯಲ್ಲಿ ಆ ಅಧಿಕಾರ ಪಿ.ಟಿ. ಮಾಷ್ಟ್ರಿಗೆ ಮಾತ್ರ. ಅಕ್ಕ ಏಳನೇ ಕ್ಲಾಸು, ನಾನು ನಾಲ್ಕು. ಆ ವರ್ಷ ಹೈಜಂಪಿಗೆ ಅಡ್ಡ ಇಡುವ ಬಿದಿರು ಕೋಲನ್ನು ದೊಡ್ಡ ಹುಡುಗರು ನೆಲ್ಲಿಕಾಯಿ ಉದುರಿಸಲು ಒಯ್ದು ಮುರಿದಿದ್ದರು. ಹಾಗಾಗಿ ಬಾವಿಯ ಹಗ್ಗ ಬಂತು. ಆಚೆಗೊಂದು, ಈಚೆಗೊಂದು ಗೂಟ. ಅದರ ಮೇಲೆ ಸುಣ್ಣದ ಗೆರೆ. ಗೆರೆಗೆ ಸರಿಯಾಗಿ ಹಗ್ಗ ಹಿಡಿಯಲು ಇಬ್ಬರು ಹುಡುಗರು. ಬೇರೆ ಯಾವ ಆಟಕ್ಕೂ ಪ್ರಯೋಜನವಿಲ್ಲದವ ಅಂತ ಒಂದು ತುದಿ ನನ್ನ ಕೈಗೆ ಸಿಕ್ಕಿತು.

ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಹುಡುಗಿಯರು ಬದಿಯಿಂದ ಓಡಿ ಬಂದು ಕತ್ತರಿ ಆಡಿಸಿದ ಹಾಗೆ ಒಂದೊಂದೇ ಕಾಲು ದಾಟಿಸುತ್ತಿದ್ದರು. ರುಮೇನಿಯಾದ ಯೊಲಾಂಡಾ ಬಲಾಶ್ ಹಾಗೇ ಹಾರಿ 1961ರಲ್ಲಿ 1.91 ದಾಟಿದ್ದಳಂತೆ. ಬೆನ್ನು ಅಡಿ ಮಾಡಿ ಹಾರುವ ಅಮೆರಿಕದ ಫಾಸ್ಬರಿಯ ವರಸೆ 1968ರಲ್ಲೇ ಮೆಕ್ಸಿಕೋ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದಾಗಿತ್ತು, ನಿಜ. ಆದರೆ ನಮ್ಮ ಮರಳಿನ ಹೊಂಡಕ್ಕೆ ಹಾಗೆ ಬಿದ್ದಿದ್ದರೆ ಸೀದಾ ಮಣಿಪಾಲಕ್ಕೆ ಒಯ್ಯಬೇಕಿತ್ತು.

ಕೊನೆಗೆ ಉಳಿದದ್ದು ಇಬ್ಬರು. ಇನ್ನೊಬ್ಬಳು ಹಾರಿಯಾಗಿತ್ತು. ಅಕ್ಕ ಎರಡು ಸಲ ಹಗ್ಗಕ್ಕೆ ಸಿಕ್ಕಿಬಿದ್ದಿದ್ದಳು. ಮೂರನೇ ಸಲ ಅವಳು ಓಡಿ ಬರುವಾಗ ಅವಳ ಮುಖ ನೋಡಿ ನನಗೆ ಎಂತದೋ ಆಯಿತು. ಕೈ ನಾಲ್ಕು ಬೆರಳಿನಷ್ಟು ಕೆಳಗೆ ಹೋಯಿತು. ಹಾರಿದಳು! ಸೀಟಿ, ಚಪ್ಪಾಳೆ. ಅಕ್ಕ ಮರಳು ಕೊಡವಿ ಎದ್ದು ನನ್ನನ್ನೇ ದುರುಗುಟ್ಟಿ ನೋಡಿದಳು. ಮತ್ತೆ ನೇರ ಮಾಷ್ಟ್ರ ಹತ್ತಿರ ಹೋಗಿ, "ಸಾರ್, ಇವ ಹಗ್ಗ ಇಳಿಸಿದ" ಅಂದಳು.

ಇಡೀ ಮೈದಾನದ ಎದುರು ನನ್ನ ಕಿವಿ ಕೆಂಪಾಯಿತು. ಹಗ್ಗ ಬೇರೆಯವನ ಕೈಗೆ ಹೋಯಿತು. ಅಕ್ಕ ಮತ್ತೊಮ್ಮೆ ಓಡಿ ಬಂದು, ಹಗ್ಗದ ಸಮೇತ ಹೊಂಡಕ್ಕೆ ಬಿದ್ದಳು. ಆ ಹುಡುಗಿಗೆ ಸ್ಟೀಲಿನ ಲೋಟ, ಇವಳಿಗೆ ಗುಲಾಬಿ ಬಣ್ಣದ ಸೋಪಿನ ಡಬ್ಬಿ. ಅದು ಬಚ್ಚಲಮನೆಯಲ್ಲಿ ಎಷ್ಟೋ ವರ್ಷ ಕೂತು ನನ್ನನ್ನು ನೋಡುತ್ತಿತ್ತು. ಮುಚ್ಚಳ ಮೊದಲ ವರ್ಷವೇ ಒಡೆಯಿತು. ಒಡೆದವ ನಾನಲ್ಲ.

ಎಲ್ಲಿದ್ದೆ? ಟೋಕಿಯೋ. ಚಿನ್ನ ನೋಟ್‌ಬುಕ್ಕಿನವಳಿಗೇ ಹೋಯಿತು. ಅವಳೂ ಪೋಲೆಂಡಿನ ಮಾರಿಯಾ ಜೋಜಿಕ್‌ಳೂ ಹಾರಿದ್ದು 2.00 ಮೀಟರೇ. ಯಾರು ಎಷ್ಟು ಸಲ ಕೋಲು ಬೀಳಿಸಿದರು ಅಂತ ಲೆಕ್ಕ ನೋಡಿ ಚಿನ್ನ, ಬೆಳ್ಳಿ ಅಂತ ಬೇರೆ ಮಾಡಿದರು. ಸ್ಲೀಪಿಂಗ್ ಬ್ಯಾಗಿನವಳಿಗೆ ಕಂಚು, ಅದರಲ್ಲೂ ಸರ್ಬಿಯಾದ ಆಂಜೆಲಿನಾ ಟೋಪಿಚ್ ಜೊತೆ ಪಾಲು. ಇಷ್ಟೂ ನನಗೆ ಸಿಕ್ಕಿದ್ದು ಹಣೆಗೆ ಐಸ್ ಒತ್ತಿಕೊಂಡು, ಮೊಬೈಲಿನಲ್ಲಿ.

ಟಿ.ವಿ.ಯವರನ್ನು ಬೈದು ಏನು ಪ್ರಯೋಜನ, ನಾವೇನು ಕಮ್ಮಿಯಾ? ಪಕ್ಕದ ಮಂಗಳೂರು ಕಡೆಯ ಸಹನಾ ಕುಮಾರಿ 2012ರಲ್ಲಿ 1.92 ಹಾರಿ ರಾಷ್ಟ್ರೀಯ ದಾಖಲೆ ಮಾಡಿ ಲಂಡನ್ ಒಲಿಂಪಿಕ್ಸಿಗೆ ಹೋದವರು. ಇಲ್ಲಿ ಯಾರ್ಯಾರದೋ ಹುಟ್ಟುಹಬ್ಬಕ್ಕೆ ಸರ್ಕಲ್ಲಿಗೊಂದು ಫ್ಲೆಕ್ಸ್ ಕಟ್ಟುತ್ತಾರಲ್ಲ, ಅವರನ್ನು 1.92 ಅಂದರೆ ಎಂತ ಅಂತ ಕೇಳಿ ನೋಡಿ. ಎಫ್‌ಎಂ ಸ್ಟೇಷನ್ನಾ ಅಂತಾರೆ.

ರಾತ್ರಿ ಊಟ ಆದ ಮೇಲೆ ಅಕ್ಕನಿಗೆ ಒಂದು ಹುಕಿ ಬಂತು. ದಾರಂದ ಎಷ್ಟು ಎತ್ತರ ಉಂಟು ನೋಡುವ ಅಂದಳು. ಟೇಪು ಹಿಡಿದರೆ 1.65 ಮೀಟರ್. ಅವರೆಲ್ಲ ಮೇಲಿಂದ ಆರಾಮಾಗಿ ಹಾರಿ ಹೋಗುವ ಎತ್ತರ. ನನಗೆ ಐವತ್ತು ದಾಟಿದರೂ ಅದರ ಅಡಿಯಿಂದ ನುಸುಳಲು ಬರಲಿಲ್ಲ. ಹಾಗಾದರೆ ಎರಡು ಮೀಟರ್ ಎಲ್ಲಿಗೆ ಬರುತ್ತದೆ? ಮೊಣಕಾಲು ನೋವಿನ ಅಕ್ಕ ಸ್ಟೂಲು ಹತ್ತಿ, ಪೆನ್ಸಿಲ್ ಹಿಡಿದು, ದಾರಂದದ ಮೇಲಿನ ಗೋಡೆಗೆ ಕೈ ಚಾಚಿದಳು. ನಾನು ಕೆಳಗೆ ಟೇಪಿನ ತುದಿ ಒತ್ತಿ ಕೂತೆ.

ಅವಳು ಗೆರೆ ಎಳೆಯಲಿಲ್ಲ. ಬಗ್ಗಿ ನನ್ನ ಕೈಯನ್ನೇ ನೋಡಿದಳು.

"ಎದ್ದು ಆಚೆ ಹೋಗು ನೀನು. ಅಮ್ಮ ಹಿಡಿಯಲಿ."