ಹೊಸ ರಸ್ತೆಯನ್ನು ಐದು ವರ್ಷ ಯಾರೂ ಅಗೆಯಬಾರದೇ?

ಪರ: ಡಾಂಬರು ಹಾಕಿದ ಮೇಲೆ ಮುಟ್ಟಬೇಡಿ

ನಮ್ಮ ಬೀದಿಗೆ ಡಾಂಬರು ಬಿದ್ದದ್ದು ಒಂಬತ್ತು ವರ್ಷ ಕಾದ ಮೇಲೆ. ಆವತ್ತು ರಾತ್ರಿ ಹನ್ನೊಂದರವರೆಗೂ ರೋಲರ್ ಓಡಿತು. ಮಕ್ಕಳು ನಿದ್ದೆ ಬಿಟ್ಟು ಗೇಟಿನ ಹತ್ತಿರ ನಿಂತು ನೋಡಿದರು. ಹದಿನೇಳನೇ ದಿನ ಬೆಳಿಗ್ಗೆ ಹಾಲು ತರಲು ಹೊರಟರೆ ರಸ್ತೆಯ ಉದ್ದಕ್ಕೂ ಟ್ರೆಂಚ್. ಕೇಬಲ್‌ನವರು. ಅವರು ಹೋದ ಮೇಲೆ ನೀರಿನವರು, ಆಮೇಲೆ ಗ್ಯಾಸ್‌ನವರು. ಕೇಳಿದವರೆಲ್ಲರೂ ಅನುಮತಿ ಪತ್ರ ತೋರಿಸಿದರು. ನನಗೆ ಜಾಸ್ತಿ ಸಿಟ್ಟು ಬಂದದ್ದು ಇದಕ್ಕೇ. ಎಲ್ಲ ನಿಯಮದ ಪ್ರಕಾರವೇ ನಡೆದಿದೆ, ರಸ್ತೆ ಮಾತ್ರ ಉಳಿದಿಲ್ಲ.

ಆ ಮಳೆಗಾಲದಲ್ಲಿ ಟ್ರೆಂಚ್ ಮುಚ್ಚಿದ ಜಾಗ ಕುಸಿಯಿತು. ನನ್ನ ಅತ್ತಿಗೆ ಸ್ಕೂಟರ್‌ನಿಂದ ಬಿದ್ದು ಮಣಿಕಟ್ಟು ಮುರಿದುಕೊಂಡರು. ಯಾರ ಮೇಲೆ ದೂರು ಕೊಡಬೇಕು ಅಂತ ಇವತ್ತಿಗೂ ನಮಗೆ ಗೊತ್ತಾಗಿಲ್ಲ.

ರಸ್ತೆ ಅಗೆದು ಮುಚ್ಚಿದರೆ ಮೊದಲಿನ ಹಾಗೇ ಆಗುತ್ತದೆ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಆಗುವುದಿಲ್ಲ. ಟ್ರೆಂಚ್ ತೆಗೆದಾಗ ಅಕ್ಕಪಕ್ಕದ ಮಣ್ಣಿಗೂ ಆಸರೆ ತಪ್ಪುತ್ತದೆ. ಹಾಗಾಗಿ ಅಗೆದ ಪಟ್ಟಿಯ ಜೊತೆಗೆ ಅದರ ಎರಡೂ ಬದಿ ಸಡಿಲವಾಗುತ್ತದೆ. ಮಣ್ಣನ್ನು ಒಂದೊಂದೇ ಪದರ ಹಾಕಿ ಗಟ್ಟಿಯಾಗಿ ಕುಟ್ಟಬೇಕು, ಆಮೇಲೆ ಜಲ್ಲಿ, ಆಮೇಲೆ ಡಾಂಬರು. ರಾತ್ರೋರಾತ್ರಿ ಕೆಲಸ ಮುಗಿಸುವವರು ತೆಗೆದ ಮಣ್ಣನ್ನೇ ಜೆಸಿಬಿಯಲ್ಲಿ ವಾಪಸ್ ತಳ್ಳಿ ಹೋಗುತ್ತಾರೆ. ಹಳೆ ಡಾಂಬರು ಮತ್ತು ಹೊಸ ತೇಪೆ ಸೇರುವ ಅಂಚಿನಲ್ಲಿ ನೀರು ಇಳಿಯುತ್ತದೆ. ಮುಂದಿನದು ಬೆಂಗಳೂರಿನಲ್ಲಿ ಗಾಡಿ ಓಡಿಸುವ ಎಲ್ಲರಿಗೂ ಗೊತ್ತು.

ಇನ್ನೊಂದು ವಿಷಯವನ್ನು ಯಾರೂ ಜಾಸ್ತಿ ಮಾತಾಡುವುದಿಲ್ಲ. ರಸ್ತೆ ಹಾಕಿದ ಗುತ್ತಿಗೆದಾರ ಇಷ್ಟು ವರ್ಷ ಅದರ ದೋಷಕ್ಕೆ ಹೊಣೆ ಅಂತ ಕರಾರಿನಲ್ಲಿ ಇರುತ್ತದೆ. ಆದರೆ ಬೇರೆ ಯಾರೋ ಬಂದು ಅಗೆದ ದಿನವೇ ಆತ ಬಚಾವ್. ನಾನು ಹಾಕಿದ್ದನ್ನು ಅವರು ಕೆಡಿಸಿದರು ಅನ್ನುತ್ತಾನೆ, ಅದು ಸುಳ್ಳೂ ಅಲ್ಲ. ಅಗೆದವನು, ನಾನು ದುರಸ್ತಿಯ ದುಡ್ಡು ಕಟ್ಟಿದ್ದೇನೆ ಅನ್ನುತ್ತಾನೆ. ಇಬ್ಬರ ಮಧ್ಯೆ ಗುಂಡಿಗೆ ಅಪ್ಪ ಅಮ್ಮ ಇಲ್ಲ.

ನ್ಯೂಯಾರ್ಕ್‌ನಲ್ಲಿ ಹೊಸದಾಗಿ ಮೇಲ್ಪದರ ಹಾಕಿದ ರಸ್ತೆಗೆ ಐದು ವರ್ಷ ರಕ್ಷಣೆ ಇದೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲೂ ಅಷ್ಟೇ. ಲಂಡನ್‌ನಲ್ಲಿ 2012ರಿಂದ, ವಾಹನ ದಟ್ಟಣೆಯ ಹೊತ್ತಿನಲ್ಲಿ ಪ್ರಮುಖ ರಸ್ತೆಯನ್ನು ಅಗೆದು ಹಿಡಿದುಕೊಂಡರೆ ದಿನಕ್ಕೆ 2,500 ಪೌಂಡ್‌ವರೆಗೆ ಬಾಡಿಗೆ ಕಟ್ಟಬೇಕು. ಆ ಊರುಗಳಲ್ಲೂ ನೀರು, ಗ್ಯಾಸ್, ಕೇಬಲ್ ಎಲ್ಲ ಇವೆ. ಅಲ್ಲಿನ ಕಂಪನಿಗಳು ಮುಚ್ಚಿಹೋಗಿಲ್ಲ. ರಸ್ತೆ ಹಾಕುವ ಮೊದಲೇ ತಮ್ಮ ಕೆಲಸ ಮುಗಿಸಿಕೊಳ್ಳಬೇಕು ಅಂತ ಅವಕ್ಕೆ ಗೊತ್ತಿದೆ.

ನಮ್ಮಲ್ಲಿ ಕಾನೂನು ಕಂಪನಿಗಳ ಕಡೆಗೇ ವಾಲಿತು. 2016ರ ನವೆಂಬರ್‌ನಲ್ಲಿ ಕೇಂದ್ರ ತಂದ ಟೆಲಿಗ್ರಾಫ್ ರೈಟ್ ಆಫ್ ವೇ (ದೂರಸಂಪರ್ಕ ಲೈನಿಗೆ ದಾರಿ ಕೊಡುವ) ನಿಯಮದಲ್ಲಿ, ಕೇಬಲ್ ಹಾಕುವ ಅರ್ಜಿಗೆ 60 ದಿನದೊಳಗೆ ಉತ್ತರ ಕೊಡದಿದ್ದರೆ ಅನುಮತಿ ಸಿಕ್ಕಂತೆಯೇ ಅಂತ ಬರೆದರು. ದುರಸ್ತಿಯ ಖರ್ಚು ಬೇರೆ, ಆದರೆ ಆಡಳಿತ ಶುಲ್ಕ ಕಿಲೋಮೀಟರಿಗೆ 1,000 ರೂಪಾಯಿ ದಾಟಬಾರದು ಅಂತಿತ್ತು. ಬೆಂಗಳೂರಿನಂಥ ಊರಲ್ಲಿ ಒಂದು ಕಿಲೋಮೀಟರ್ ರಸ್ತೆಗೆ ಸಾವಿರ ರೂಪಾಯಿ! ಈಗ 2025ರ ಜನವರಿ 1ರಿಂದ ಹೊಸ ದೂರಸಂಪರ್ಕ ಕಾಯ್ದೆಯ ನಿಯಮಗಳು ಬಂದಿವೆ. ಅವುಗಳ ಗುರಿಯೂ ಅನುಮತಿ ಬೇಗ ಸಿಗಲಿ ಅನ್ನುವುದೇ.

ಪೈಪ್ ಒಡೆಯಿತು, ಒಳಚರಂಡಿ ಕಟ್ಟಿಕೊಂಡಿತು, ಕರೆಂಟ್ ಕೇಬಲ್ ಸುಟ್ಟಿತು ಅಂದರೆ ಅಗೆಯಲಿ, ಬೇಡ ಅನ್ನುವವರು ಯಾರೂ ಇಲ್ಲ. ಉಳಿದದ್ದಕ್ಕೆ ಐದು ವರ್ಷ ಬೀಗ ಹಾಕಿ. ಡಾಂಬರು ಹಾಕುವ ಆರು ತಿಂಗಳು ಮೊದಲು ಎಲ್ಲರಿಗೂ ನೋಟಿಸ್ ಕೊಡಿ. ಆಗ ಬರದವರು ಕಾಯಲಿ. ನಾವು ಒಂಬತ್ತು ವರ್ಷ ಕಾದಿಲ್ವಾ?

ವಿರೋಧ: ಬೀಗ ಹಾಕಿದರೆ ಕಾಯುವವರು ಯಾರು?

ನಾನು ಹದಿನಾಲ್ಕು ವರ್ಷದಿಂದ ರಸ್ತೆ ಅಗೆಯುವ ಕಡೆಯವನು. ಪೈಪ್‌ಲೈನ್ ಗುತ್ತಿಗೆದಾರರ ಹತ್ತಿರ ಸೈಟ್ ನೋಡಿಕೊಳ್ಳುತ್ತೇನೆ. ಮೇಲೆ ಬರೆದವರ ಅತ್ತಿಗೆ ಬಿದ್ದದ್ದು ಓದಿ ಬೇಜಾರಾಯಿತು. ಮಣ್ಣು ಸರಿಯಾಗಿ ಕುಟ್ಟದೆ ಹೋಗುವವರು ಇದ್ದಾರೆ, ನಾನೇ ಕಣ್ಣಾರೆ ನೋಡಿದ್ದೇನೆ, ಅಂಥವರ ಬಿಲ್ ತಡೆಯಬೇಕು. ಆದರೆ ಐದು ವರ್ಷದ ಬೀಗ ಬಂದರೆ ಏಟು ಬೀಳುವುದು ಕಂಪನಿಗಳಿಗಲ್ಲ.

2007ರಲ್ಲಿ ಬೆಂಗಳೂರಿಗೆ 110 ಹಳ್ಳಿಗಳನ್ನು ಸೇರಿಸಿದರು. ಅಲ್ಲಿಗೆ ನೀರು ಕೊಡಲು ಮಾಡಿದ ಕಾವೇರಿ ಐದನೇ ಹಂತ ಉದ್ಘಾಟನೆ ಆದದ್ದು 2024ರ ಅಕ್ಟೋಬರ್‌ನಲ್ಲಿ. ಹದಿನೇಳು ವರ್ಷ. ಈ ನಡುವೆ ಆ ಊರುಗಳ ಬೀದಿಗೆ ಡಾಂಬರು ಬಿದ್ದಿದೆ, ಕೆಲವು ಕಡೆ ಒಂದಕ್ಕಿಂತ ಜಾಸ್ತಿ ಸಲ. ಯಾಕೆಂದರೆ ಡಾಂಬರಿಗೆ ದುಡ್ಡು ಬೇಗ ಸಿಗುತ್ತದೆ, ಚುನಾವಣೆ ಹತ್ತಿರ ಬಂದರೆ ಇನ್ನೂ ಬೇಗ ಸಿಗುತ್ತದೆ, ಪೈಪಿಗೆ ಮಾತ್ರ ಸಾಲ, ಟೆಂಡರ್, ಮಂಜೂರಾತಿ ಅಂತ ವರ್ಷಗಳು ಹಿಡಿಯುತ್ತವೆ. ಬೀಗದ ನಿಯಮ ಇದ್ದಿದ್ದರೆ ನಾವು ಪೈಪ್ ಹಿಡಿದುಕೊಂಡು ಹೋದಾಗ, ಹೋದ ವರ್ಷ ತಾನೇ ರಸ್ತೆ ಆಗಿದೆ, ನಾಲ್ಕು ವರ್ಷ ಬಿಟ್ಟು ಬನ್ನಿ ಅನ್ನುತ್ತಿದ್ದರು. ಅಲ್ಲಿಯವರೆಗೆ ಆ ಜನ ಟ್ಯಾಂಕರ್ ನೀರು ಕುಡಿಯಬೇಕು. 2024ರ ಬೇಸಿಗೆಯಲ್ಲಿ ಸರ್ಕಾರವೇ ಮಧ್ಯೆ ಬಂದು ಟ್ಯಾಂಕರ್ ದರ ಗೊತ್ತು ಮಾಡಬೇಕಾಯಿತು, ನೆನಪಿರಬೇಕು.

ಅಗೆಯಲು ಬಿಡದಿದ್ದರೆ ಕೇಬಲ್ ನಿಲ್ಲುವುದೂ ಇಲ್ಲ. ಮರ ಹತ್ತುತ್ತದೆ. ಬೆಂಗಳೂರಿನ ಯಾವ ಬೀದಿಯಲ್ಲಾದರೂ ತಲೆ ಎತ್ತಿ ನೋಡಿ, ಹೊಂಗೆ ಮರದಿಂದ ಕರೆಂಟ್ ಕಂಬಕ್ಕೆ, ಅಲ್ಲಿಂದ ಮನೆ ಟೆರೇಸಿಗೆ ಕಪ್ಪು ವೈರಿನ ಗೊಂಚಲು. ನೆಲದಡಿ ಹೋಗುವುದು ದುಬಾರಿ ಮತ್ತು ನಿಧಾನ ಆದಾಗಲೆಲ್ಲ ಹೀಗೇ ಆಗಿದೆ. ಕರೆಂಟ್ ಲೈನ್ ವಿಷಯದಲ್ಲಿ ಇದು ಜೀವದ ಪ್ರಶ್ನೆ. 2023ರ ನವೆಂಬರ್‌ನಲ್ಲಿ ವೈಟ್‌ಫೀಲ್ಡ್‌ನ ಹೋಪ್ ಫಾರ್ಮ್ ಹತ್ತಿರ ಫುಟ್‌ಪಾತ್ ಮೇಲೆ ಬಿದ್ದಿದ್ದ ವಿದ್ಯುತ್ ತಂತಿ ತುಳಿದು ಒಬ್ಬ ತಾಯಿ ಮತ್ತು ಎಳೆ ಮಗು ತೀರಿಕೊಂಡರು. ಮೇಲಿನ ತಂತಿ ನೆಲದಡಿ ಹೋಗಬೇಕಾದರೆ ಅಗೆಯಲೇಬೇಕು. ಅಂಥ ಕೆಲಸಕ್ಕೆ, ಡಾಂಬರು ಹೊಸದು, ಐದು ವರ್ಷ ತಾಳಿ ಅಂತ ಯಾವ ಬಾಯಲ್ಲಿ ಹೇಳುವುದು?

ತುರ್ತಿಗೆ ವಿನಾಯಿತಿ ಇರಲಿ ಅನ್ನುತ್ತಾರೆ. ಈ ಕೆಲಸ ಮಾಡುವವನಾಗಿ ಹೇಳುತ್ತೇನೆ, ಆಗ ಎಲ್ಲವೂ ತುರ್ತು ಆಗುತ್ತದೆ. ದೊಡ್ಡ ಕಂಪನಿಗೆ ಕಚೇರಿ ಸುತ್ತಲು ಜನ ಇದ್ದಾರೆ, ಅದು ಪತ್ರ ತಂದುಕೊಳ್ಳುತ್ತದೆ. ಹೊಸ ಮನೆ ಕಟ್ಟಿ ಒಂದು ಒಳಚರಂಡಿ (ಯುಜಿಡಿ) ಕನೆಕ್ಷನ್‌ಗೆ ಅರ್ಜಿ ಹಾಕಿದ ನಿವೃತ್ತ ಮೇಷ್ಟ್ರು ಬಾಗಿಲಲ್ಲೇ ನಿಂತಿರುತ್ತಾರೆ.

ಇನ್ನು ನಗರದ ಅಧಿಕಾರದ ಮಾತು. ನೀರಿನ ಮಂಡಳಿ 1964ರಿಂದ ಬೇರೆಯೇ ಸಂಸ್ಥೆ, ಕರೆಂಟ್ ಕೊಡುವ ಬೆಸ್ಕಾಂ ಬೇರೆ ಕಂಪನಿ. ಇವರು ಪಾಲಿಕೆಯ ಕೆಳಗೆ ಬರುವುದಿಲ್ಲ. ವಿದ್ಯುತ್ ಕಾಯ್ದೆ 2003ರ 67ನೇ ಸೆಕ್ಷನ್ನೇ ರಸ್ತೆ ತೆರೆಯುವ ಅಧಿಕಾರವನ್ನು ಪರವಾನಗಿ ಇರುವ ಕಂಪನಿಗೆ ಕೊಟ್ಟಿದೆ, ಹಾನಿ ಆದರೆ ಪರಿಹಾರ ಕೊಡಿ ಅಂತಲೂ ಹೇಳಿದೆ. ಈಗ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದರ ಕೆಳಗೆ ಐದು ಪಾಲಿಕೆಗಳು. ಒಂದು ಪೈಪ್ ಎರಡು ಪಾಲಿಕೆ ದಾಟಿದರೆ ಬೀಗದ ಕೈ ಯಾರ ಹತ್ತಿರ?

ನನ್ನ ಪ್ರಕಾರ ರೋಗ ಇರುವುದು ನೆಲದ ಕೆಳಗೆ. ಏನು ಎಲ್ಲಿದೆ ಅಂತ ಯಾರಿಗೂ ಪೂರ್ತಿ ಗೊತ್ತಿಲ್ಲ. ನಾವು ಅಗೆಯುವ ಮೊದಲು ಎರಡು ಮೂರು ಕಡೆ ಟ್ರಯಲ್ ಪಿಟ್ ತೆಗೆದು ನೋಡುತ್ತೇವೆ. ಆಮೇಲೂ ಎದೆ ಹೊಡೆದುಕೊಳ್ಳುತ್ತಲೇ ಇರುತ್ತದೆ. 2023ರಲ್ಲಿ ಎಚ್‌ಎಸ್‌ಆರ್ ಲೇಔಟ್‌ನಲ್ಲಿ ನೀರಿನ ಕೆಲಸಕ್ಕೆ ಅಗೆಯುವಾಗ ಗ್ಯಾಸ್ ಪೈಪ್ ಒಡೆದು ಸ್ಫೋಟ ಆಯಿತು. ಅದೇ ವರ್ಷ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್ ತಂದಿತು, ಅಗೆಯುವ ಮೊದಲು ಅಲ್ಲಿ ಪೈಪ್, ಕೇಬಲ್ ಇರುವವರನ್ನು ಕೇಳಲು. ಹೇಳದೆ ಕೇಳದೆ ಅಗೆಯುವುದರಿಂದ ದೇಶಕ್ಕೆ ವರ್ಷಕ್ಕೆ ಸುಮಾರು 3,000 ಕೋಟಿ ರೂಪಾಯಿ ನಷ್ಟ ಅಂತ ಆಗ ಸರ್ಕಾರವೇ ಹೇಳಿತು. ಆ್ಯಪ್ ಒಳ್ಳೆಯದೇ. ಆದರೆ ಆ್ಯಪ್‌ಗೆ ಉತ್ತರ ಕೊಡಬೇಕಾದವರ ಹತ್ತಿರ ನಕ್ಷೆ ಇರಬೇಕು ಅಲ್ವಾ?

ದಾರಿ ಗೊತ್ತಿಲ್ಲದೆ ಏನಿಲ್ಲ. ಟೆಂಡರ್ ಶ್ಯೂರ್ ಅನ್ನುವ ರಸ್ತೆ ಯೋಜನೆಯ ಮೊದಲ ಹಂತದಲ್ಲಿ ಊರ ನಡುವಿನ ಏಳು ರಸ್ತೆಗಳಿಗೆ ಫುಟ್‌ಪಾತ್ ಕೆಳಗೆ ಡಕ್ಟ್ (ಕೇಬಲ್ ಹೋಗುವ ಕೊಳವೆ) ಮಾಡಿ, ಅಲ್ಲಲ್ಲಿ ಚೇಂಬರ್ ಇಟ್ಟರು. ಹೊಸ ಕೇಬಲ್ ಬಂದರೆ ಚೇಂಬರ್ ಮುಚ್ಚಳ ತೆಗೆದು ಡಕ್ಟ್‌ನಲ್ಲಿ ಎಳೆಯಬಹುದು, ಡಾಂಬರು ಮುಟ್ಟಬೇಕಿಲ್ಲ. ರೆಸಿಡೆನ್ಸಿ ರಸ್ತೆಯಲ್ಲಿ ನಡೆದು ನೋಡಿ. ಜಪಾನ್ ಹೀಗೆ ಎಲ್ಲ ಲೈನೂ ಒಟ್ಟಿಗೆ ಹೋಗುವ ಸುರಂಗಗಳಿಗೆ 1963ರಲ್ಲೇ ಕಾನೂನು ಮಾಡಿದೆ. ಖರ್ಚು ಜಾಸ್ತಿ, ನಿಜ, ಹತ್ತು ಸಾವಿರ ಕಿಲೋಮೀಟರಿಗೂ ಮೀರಿದ ಊರಿನ ರಸ್ತೆಗೆಲ್ಲ ಒಂದೇ ಸಲ ಆಗುವ ಕೆಲಸವೂ ಅಲ್ಲ. ಆದರೂ ಡಕ್ಟ್ ಇರುವ ರಸ್ತೆಗೆ ಹತ್ತು ವರ್ಷದ ಬೀಗ ಹಾಕಿ, ನಾನೇ ಮೊದಲು ಸಹಿ ಹಾಕುತ್ತೇನೆ. ಡಕ್ಟ್ ಇಲ್ಲದ ರಸ್ತೆಗೆ ಬೇಡ.

ನಮ್ಮ ಸೈಟ್ ಇರುವ ಬಡಾವಣೆಯ ಹಳೇ ವಾಲ್ವ್‌ಮನ್ ನಿವೃತ್ತರಾಗಿ ನಾಲ್ಕು ವರ್ಷ ಆಯಿತು. ಯಾವ ಮೂಲೆಯಲ್ಲಿ ಪೈಪ್ ಎಡಕ್ಕೆ ತಿರುಗುತ್ತದೆ, ಎಲ್ಲಿ ಮೂರಡಿ, ಎಲ್ಲಿ ಐದಡಿ ಆಳ, ಎಲ್ಲ ಅವರ ತಲೆಯಲ್ಲಿದೆ. ಈ ಸೋಮವಾರ ಅಗೆಯಬೇಕಾದ ಅಡ್ಡರಸ್ತೆಯ ಬಗ್ಗೆಯೂ ನಾನು ಅವರಿಗೇ ಫೋನ್ ಮಾಡಿ ಕೇಳಿದೆ. ಕಚೇರಿಯಿಂದ ಬಂದ ಡ್ರಾಯಿಂಗ್‌ನಲ್ಲಿ ಆ ಪೈಪೇ ಇರಲಿಲ್ಲ.